ನಿರಪರಾಧಿಯ ಕಂತು

ಮೋಟಾರು ವಾಹನದ ವಿಮೆಯನ್ನು ವರ್ಷಂಪ್ರತಿ ನವೀಕರಿಸಿಕೊಂಡು ಬರುವ ಗೃಹಸ್ಥರಿಗೆ, ಪಾಲಿಸಿ ಪತ್ರದ ಲೆಕ್ಕದ ಭಾಗದಲ್ಲಿ ಕಾಣಬರುವ ‘ನೋ ಕ್ಲೇಮ್ ಬೋನಸ್’ ಎಂಬ ಸಾಲು ಅಪರಿಚಿತವಾದುದಲ್ಲ. ಕ್ಲೇಮು ಮಾಡದೆ ಒಂದು ವರ್ಷವನ್ನು ಕಳೆದವರಿಗೆ ಮರುವರ್ಷದ ಕಂತಿನಲ್ಲಿ ಶೇಕಡಾ 20, ಎರಡು ವರ್ಷ ಕಳೆದವರಿಗೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದು ವರ್ಷಗಳನ್ನು ಅವಿಚ್ಛಿನ್ನವಾಗಿ ಪೂರೈಸಿದವರಿಗೆ 50 ಎಂದು ಏರುತ್ತ ಹೋಗುವ ಈ ರಿಯಾಯಿತಿಯು 2002ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಮೋಟಾರು ದರಪಟ್ಟಿಯಲ್ಲಿ ನಿಗದಿಯಾಗಿ, 2007ರಲ್ಲಿ ಸ್ವಂತ ವಾಹನದ ಹಾನಿಯ ವಿಮಾದರಗಳನ್ನು ಕಂಪನಿಗಳ ವಿವೇಚನೆಗೆ ಬಿಟ್ಟುಕೊಟ್ಟ ಮೇಲೆಯೂ ಬಹುಮಟ್ಟಿಗೆ ಅದೇ ಕ್ರಮದಲ್ಲಿ ನಡೆದುಬಂದಿದೆ. ಕಾನೂನು ಕಡ್ಡಾಯಮಾಡಿರುವ ಥರ್ಡ್ ಪಾರ್ಟಿ ವಿಮೆಯ ಕಂತಿಗೆ ಇದು ಅನ್ವಯಿಸತಕ್ಕುದಲ್ಲ. ನಮ್ಮ ವಾಹನದ ಸ್ವಂತ ಹಾನಿಗಾಗಿ ನಾವು ಕಟ್ಟುವ ಭಾಗಕ್ಕೆ ಮಾತ್ರ ಅನ್ವಯಿಸುತ್ತದೆ. ಈ ಬೋನಸ್ಸು ವಾಹನಕ್ಕೆ ಸೇರಿದುದಲ್ಲ, ಒಡೆಯನಿಗೆ ಸೇರಿದುದು; ಹಳೆಯ ಕಾರನ್ನು ಮಾರಿದವರು ಅದನ್ನು ಮೂರು ವರ್ಷಗಳೊಳಗೆ ಹೊಸ ಕಾರಿಗೆ ಕೊಂಡೊಯ್ಯಬಹುದು. ಆದುದರಿಂದಲೇ ಜನರು ಅದನ್ನು ತಮ್ಮ ಸ್ವಂತ ನಡತೆಗೆ ದೊರೆತ ಪ್ರಮಾಣಪತ್ರವೆಂಬಂತೆ ಭಾವಿಸಿಕೊಂಡಿರುವುದು. ಮತ್ತು ಆ ಭಾವನೆಯನ್ನು ತಿದ್ದುವ ಗೋಜಿಗೆ ಯಾವ ಏಜೆಂಟನೂ ಹೋಗಿದ್ದನ್ನು ನಾನು ಕಂಡಿಲ್ಲ.

ಈಗ ಒಂದು ಸಾಮಾನ್ಯ ಪ್ರಸಂಗವನ್ನು ಊಹಿಸಿಕೊಳ್ಳೋಣ. ಬೆಂಗಳೂರಿನ ಮೈಸೂರು ರಸ್ತೆಯ ಯಾವುದೋ ಒಂದು ಸಿಗ್ನಲ್ಲಿನಲ್ಲಿ ಕೆಂಪು ದೀಪಕ್ಕೆ ತಲೆಬಾಗಿ ನಿಂತಿರುವ ಕಾರು. ಒಳಗೆ ಐದು ವರ್ಷಗಳಿಂದ ಒಂದು ಕ್ಲೇಮನ್ನೂ ಮಾಡದ, ಈಗತಾನೆ ಶೇಕಡಾ 50ರ ಮೆಟ್ಟಿಲನ್ನು ಮುಟ್ಟಿದ ನಿವೃತ್ತ ಉಪಾಧ್ಯಾಯರು. ಹಿಂದಿನಿಂದ, ತರಕಾರಿಯ ಮೂಟೆಗಳನ್ನು ಹೊತ್ತ ಟೆಂಪೋ ಒಂದು ವೇಗವನ್ನು ತಗ್ಗಿಸಲಾರದೆ ಬಂದು ತಾಗುತ್ತದೆ. ಯಾರ ಜೀವಕ್ಕೂ ಅಪಾಯವಿಲ್ಲ. ಕಾರಿನ ಹಿಂಬದಿಯ ಬಂಪರು ಸೀಳಿದೆ, ಡಿಕ್ಕಿಯ ಬಾಗಿಲು ಒಳಕ್ಕೆ ಹೋಗಿದೆ, ದೀಪ ಒಡೆದಿದೆ. ತಪ್ಪು ಯಾರದೆಂಬ ವಿಷಯದಲ್ಲಿ ಅಲ್ಲಿ ನೆರೆದವರಲ್ಲಿ ಯಾರಿಗೂ, ಟೆಂಪೋದ ಚಾಲಕನಿಗೆ ಸಹ, ಸಂದೇಹವಿಲ್ಲ. “ಸಾರ್, ಬ್ರೇಕ್ ಹಿಡೀಲಿಲ್ಲ. ನಿಮ್ದು ಇನ್ಶೂರೆನ್ಸ್ ಇದೆಯಲ್ಲ, ಕ್ಲೇಮ್ ಮಾಡ್ಕೊಂಬಿಡಿ,” ಎಂದು ಅವನು ಕೈಮುಗಿಯುತ್ತಾನೆ. “ಹೋಗ್ಲಿ ಬಿಡಿ ಮೇಷ್ಟ್ರೇ, ಪಾಪ, ಅವನತ್ರ ಏನಿರುತ್ತೆ,” ಎಂದು ಬದಿಯಲ್ಲಿ ನಿಂತವರೊಬ್ಬರು ಅನುಮೋದಿಸುತ್ತಾರೆ. ಹಿಂದೆ ಹಾರ್ನುಗಳ ಘೋಷ ಏಳುತ್ತದೆ. ಮೇಷ್ಟ್ರು ಟೆಂಪೋದ ನಂಬರನ್ನು ಬರೆದುಕೊಂಡು ಹೊರಡುತ್ತಾರೆ. ಇನ್ಶೂರೆನ್ಸಿನ ಹಣವು ಯಾರಿಗೂ ಸೇರದ ಹಣ, ಅದನ್ನು ಪಡೆದರೆ ಯಾರಿಗೂ ನಷ್ಟವಿಲ್ಲ ಎಂಬ ಲೋಕಪ್ರಸಿದ್ಧವಾದ ನಂಬಿಕೆಯ ಮೇಲೆ ಆ ಸಂಧಾನವು ಮುಗಿದಿರುತ್ತದೆ.

ಆದರೆ ಈ ನಂಬಿಕೆಯ ಬೆಲೆಯನ್ನು ತೆರುವವರು ಮೇಷ್ಟ್ರು. ಅದು ಎಷ್ಟೆಂಬುದನ್ನು ಸ್ವಲ್ಪ ಸಾವಧಾನದಿಂದ ಲೆಕ್ಕ ಹಾಕಿ ನೋಡಬೇಕು. ಏಕೆಂದರೆ ಈ ವಿಷಯದಲ್ಲಿ ಅನ್ಯಾಯವು ದೊಡ್ಡ ಮಾತುಗಳಲ್ಲಿಲ್ಲ, ಗ್ಯಾರೇಜಿನ ಬಿಲ್ಲಿನಲ್ಲಿದೆ. ರಿಪೇರಿಗೆ ಒಟ್ಟು 18,000 ರೂಪಾಯಿ ಆಯಿತೆಂದು ಇಟ್ಟುಕೊಳ್ಳೋಣ: ಪ್ಲಾಸ್ಟಿಕ್ಕಿನ ಭಾಗಗಳಿಗೆ 9,000, ಬಣ್ಣದ ಸಾಮಗ್ರಿಗೆ 4,000, ಕೂಲಿಗೆ 5,000. ಸಾಮಾನ್ಯ ಪಾಲಿಸಿಯಲ್ಲಿ ರಬ್ಬರು, ನೈಲಾನು, ಪ್ಲಾಸ್ಟಿಕ್ಕುಗಳಿಂದಾದ ಭಾಗಗಳಿಗೆ, ವಾಹನ ಎಷ್ಟೇ ಹೊಸದಾಗಿರಲಿ, ಸವಕಳಿಯೆಂದು ಅರ್ಧ ಬೆಲೆಯನ್ನು ಕಳೆಯುತ್ತಾರೆ. ಬಣ್ಣದ ಸಾಮಗ್ರಿಗೂ ಅರ್ಧವೇ. ಅಲ್ಲಿಗೆ ಕಂಪನಿ ಒಪ್ಪುವುದು 4,500, 2,000 ಮತ್ತು 5,000, ಒಟ್ಟು 11,500. ಇದರಿಂದ, 1,500 ಸಿ.ಸಿ.ವರೆಗಿನ ಕಾರಾದರೆ, ಪ್ರತಿ ಕ್ಲೇಮಿನಲ್ಲಿಯೂ ಒಡೆಯನೇ ಭರಿಸಬೇಕಾದ ಕಡ್ಡಾಯದ 1,000 ರೂಪಾಯಿಯನ್ನು ಮುರಿದುಕೊಂಡು 10,500 ರೂಪಾಯಿಗಳನ್ನು ಕೊಡುತ್ತದೆ. ಮಿಕ್ಕ 7,500ನ್ನು ಮೇಷ್ಟ್ರು ಕೈಯಿಂದ ಕೊಟ್ಟು ಕಾರನ್ನು ಬಿಡಿಸಿಕೊಂಡು ಬರುತ್ತಾರೆ. ಸವಕಳಿಯನ್ನು ಕಳೆಯದ ವಿಶೇಷ ಪಾಲಿಸಿಗಳುಂಟು, ಗ್ಯಾರೇಜಿನವರು ‘ಬಂಪರ್ ಟು ಬಂಪರ್’ ಎಂದು ಕರೆಯುವಂಥವು. ಅವಕ್ಕೆ ಕಂತೂ ವಿಶೇಷವಾಗಿಯೇ ಇರುತ್ತದೆ.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಅವರ ಸ್ವಂತ ಹಾನಿಯ ಕಂತು ರಿಯಾಯಿತಿಗೆ ಮುನ್ನ ವರ್ಷಕ್ಕೆ 12,000 ರೂಪಾಯಿ ಎಂದಾದರೆ, ಶೇಕಡಾ 50ರ ಬೋನಸ್ಸು ಕಳೆದು ಅವರು ಕಟ್ಟಬೇಕಾಗಿದ್ದುದು 6,000. ಕ್ಲೇಮು ಮಾಡಿದ ಮರುವರ್ಷ ಬೋನಸ್ಸು ಶೂನ್ಯಕ್ಕೆ ಇಳಿದು ಪೂರ್ಣ 12,000 ಕಟ್ಟುತ್ತಾರೆ. ಅದರ ಮುಂದಿನ ವರ್ಷಗಳಲ್ಲಿ ಕ್ರಮವಾಗಿ 9,600, 9,000, 7,800, 6,600 ಕಟ್ಟುತ್ತ, ಮತ್ತೆ ಐದು ವರ್ಷಗಳ ತಪಸ್ಸಿನ ಕೊನೆಗೆ 6,000ದ ಮೆಟ್ಟಿಲಿಗೆ ಬಂದು ನಿಲ್ಲುತ್ತಾರೆ. ಈ ನಡುವೆ ಅವರು ಹೆಚ್ಚಾಗಿ ತೆತ್ತ ಹಣ 6,000, 3,600, 3,000, 1,800, 600, ಒಟ್ಟು 15,000 ರೂಪಾಯಿ. ಕಾರಿನ ಘೋಷಿತ ಮೌಲ್ಯ ವರ್ಷೇ ವರ್ಷೇ ಇಳಿಯುವುದರಿಂದ ಈ ಮೊತ್ತ ವಸ್ತುತಃ ಸ್ವಲ್ಪ ಕಡಮೆಯಾದೀತು. ಆದರೂ ಕಂಪನಿಯಿಂದ ಬಂದ 10,500ಕ್ಕಿಂತ ಅದು ಹೆಚ್ಚಾಗಿಯೇ ಉಳಿಯುವ ಸಂಭವವಿದೆ. ಅಂದರೆ, ಅನ್ಯರ ದೋಷದಿಂದಾದ ಹಾನಿಗೆ ತಾವೇ ಕಂತು ಕಟ್ಟಿ ಪಡೆದ ವಿಮೆಯನ್ನು ಉಪಯೋಗಿಸಿದುದಕ್ಕಿಂತ, ಅದನ್ನು ಮುಟ್ಟದೆ 18,000ವನ್ನೂ ಕೈಯಿಂದ ಕೊಟ್ಟಿದ್ದರೇ ಅವರಿಗೆ ಮೇಲಾಗಿತ್ತು. ಇಂಥ ತೀರ್ಮಾನಕ್ಕೆ ನಮ್ಮನ್ನು ಕೊಂಡೊಯ್ಯುವ ವಿಮೆಯನ್ನು ವಿಮೆಯೆಂದು ಕರೆಯಬಹುದೆ ಎಂಬ ಪ್ರಶ್ನೆಯನ್ನು ಗಣಿತದ ಮೇಷ್ಟ್ರಾಗಿದ್ದರೆ ಅವರೇ ಕೇಳಿಯಾರು.

ವೈಕುಂಠ ಏಕಾದಶಿಯ ಜಾಗರಣೆಯಲ್ಲಿ ನಮ್ಮ ಮನೆಗಳಲ್ಲಿ ಆಡುತ್ತಿದ್ದ ಪರಮಪದಸೋಪಾನದ ಪಟದಲ್ಲಿ ಸಹ ಏಣಿಗಳ ಜತೆಗೆ ಸರ್ಪಗಳಿದ್ದವು. ಮೇಲೇರಿದವನನ್ನು ನುಂಗಿ ತಳಕ್ಕೆ ತರುತ್ತಿದ್ದವು. ಆದರೆ ಆ ಪಟವನ್ನು ಬರೆದವರು ಒಂದೊಂದು ಸರ್ಪಕ್ಕೂ ಒಂದೊಂದು ದುರ್ಗುಣದ ಹೆಸರನ್ನು ಕೊಟ್ಟಿದ್ದರು. ಆಟಗಾರನು ಇಳಿಯುವುದಾದರೆ ತನ್ನ ಮದದಿಂದಲೋ ಮಾತ್ಸರ್ಯದಿಂದಲೋ ಇಳಿಯಬೇಕಾಗಿತ್ತೇ ಹೊರತು ನೆರೆಮನೆಯವನ ಮದಮಾತ್ಸರ್ಯಗಳಿಂದಲ್ಲ. ವಿಮಾ ಕಂಪನಿಗಳ ಪಟದಲ್ಲಿ ಸರ್ಪಕ್ಕೆ ಹೆಸರೇ ಇಲ್ಲ.

ಕಂಪನಿಗಳ ಪಕ್ಷವನ್ನೂ ನ್ಯಾಯವಾಗಿ ಹೇಳಬೇಕು. ಅದು ಸರ್ವಥಾ ಹುರುಳಿಲ್ಲದ ಪಕ್ಷವೇನಲ್ಲ. ಚಿಲ್ಲರೆ ಗೀರುಗಳಿಗೆಲ್ಲ ಅರ್ಜಿಗಳು ಬರತೊಡಗಿದರೆ ಅವುಗಳ ಪರಿಶೀಲನೆಯ ವೆಚ್ಚವು ಗೀರಿನ ಬೆಲೆಯನ್ನೂ ಮೀರೀತೆಂಬುದು ನಿಜ. ಸಣ್ಣ ನಷ್ಟವನ್ನು ತಾನೇ ನುಂಗಿಕೊಳ್ಳುವವನಿಗೆ ಕೊಡುವ ಸಂಭಾವನೆಯೇ ಈ ಬೋನಸ್ಸು, ಸದ್ಗುಣಕ್ಕೆ ಕೊಡುವ ಬಹುಮಾನವಲ್ಲ ಎಂದು ಅವರು ಹೇಳುತ್ತಾರೆ. ಇನ್ನೊಂದು ವಾದವು ಇದಕ್ಕಿಂತ ಸೂಕ್ಷ್ಮವಾದುದು. ಸದಾ ದಟ್ಟಣೆಯಿರುವ ರಸ್ತೆಯಲ್ಲಿ, ಅಪಾಯದ ವೇಳೆಗಳಲ್ಲಿ ಸಂಚರಿಸುವವನು ತನ್ನ ತಪ್ಪಿಲ್ಲದೆಯೂ ಮತ್ತೆ ಮತ್ತೆ ತಾಗಿಸಿಕೊಳ್ಳುವ ಸಂಭವ ಹೆಚ್ಚಾದುದರಿಂದ, ಒಮ್ಮೆ ತಾಗಿಸಿಕೊಂಡವನು ನಾಳೆಯೂ ತಾಗಿಸಿಕೊಂಡಾನೆಂಬ ಅನುಮಾನಕ್ಕೆ ಸಂಖ್ಯಾಶಾಸ್ತ್ರದಲ್ಲಿ ಆಸ್ಪದವುಂಟು ಎಂಬುದು ಆ ವಾದ. ನಾನು ಇದನ್ನು ಒಪ್ಪುವೆನು. ಒಪ್ಪಿ ಕೇಳುವೆನು: ಹಾಗಾದರೆ ಆ ರಸ್ತೆಯಲ್ಲಿ ಓಡಾಡುವ ಎಲ್ಲರ ಕಂತಿನಲ್ಲಿಯೂ ಆ ಅಪಾಯದ ಬೆಲೆಯನ್ನು ಸೇರಿಸಬೇಕಲ್ಲದೆ, ಅಕಸ್ಮಾತ್ತಾಗಿ ಸಿಕ್ಕಿಕೊಂಡ ಒಬ್ಬನನ್ನು ಹುಡುಕಿ ಅವನಿಂದ ವಸೂಲು ಮಾಡುವುದೇಕೆ? ವಿಮೆಯೆಂಬ ವ್ಯವಸ್ಥೆಯ ಪ್ರಾಣವೇ ಒಬ್ಬನ ಆಕಸ್ಮಿಕವನ್ನು ಹಲವರು ಹಂಚಿಕೊಳ್ಳುವುದು.

ಇದಲ್ಲದೆ, ಈ ಕ್ರಮವು ಅಳೆಯಬೇಕಾದುದನ್ನು ಅಳೆಯದೆ ಬಿಡುವುದೂ ಉಂಟು. ರಾತ್ರಿ ಮದ್ಯಪಾನ ಮಾಡಿ ಕಾರನ್ನು ನಡೆಸಿ, ಪೊಲೀಸರಿಗೆ ಸಿಕ್ಕಿಬಿದ್ದು, ನ್ಯಾಯಾಲಯದಲ್ಲಿ ದಂಡವನ್ನೂ ತೆತ್ತ ಮನುಷ್ಯನು, ಕ್ಲೇಮೊಂದನ್ನು ಮಾಡದಿದ್ದರೆ, ತನ್ನ ಶೇಕಡಾ 50ರ ಬೋನಸ್ಸನ್ನು ಅಕ್ಷತವಾಗಿ ಉಳಿಸಿಕೊಳ್ಳುತ್ತಾನೆ. ಸಿಗ್ನಲ್ಲಿನಲ್ಲಿ ನಿಂತಿದ್ದ ಮೇಷ್ಟ್ರು ಕಳೆದುಕೊಳ್ಳುತ್ತಾರೆ. ಈ ವಿಪರ್ಯಾಸವು ಅಧಿಕಾರಿಗಳ ಕಣ್ಣಿಗೆ ಬೀಳದೆ ಇರಲಿಲ್ಲ. 2021ರ ಜನವರಿಯಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರದ ಕಾರ್ಯತಂಡವೊಂದು, ಸಂಚಾರ ನಿಯಮಗಳ ಉಲ್ಲಂಘನೆಗೆ ಅಂಕಗಳನ್ನು ಕೊಟ್ಟು, ಮದ್ಯಪಾನದ ಚಾಲನೆಗೆ 100, ತಪ್ಪು ಜಾಗದಲ್ಲಿ ನಿಲ್ಲಿಸಿದುದಕ್ಕೆ 10 ಎಂಬ ಪ್ರಮಾಣದಲ್ಲಿ, ಆ ಅಂಕಗಳನ್ನನುಸರಿಸಿ ಪ್ರತ್ಯೇಕವಾದ ಕಂತನ್ನು ವಿಧಿಸಬೇಕೆಂದೂ, ಮೊದಲು ದೆಹಲಿಯಲ್ಲಿ ಇದನ್ನು ಪ್ರಯೋಗಿಸಿ ನೋಡಬಹುದೆಂದೂ ಸಲಹೆಯಿತ್ತಿತು. ದೋಷಕ್ಕೂ ಕಂತಿಗೂ ಸಂಬಂಧವಿರಬೇಕೆಂಬ ತತ್ತ್ವವನ್ನು ಆ ಕರಡು ಅಂಗೀಕರಿಸಿತು; ದೋಷವಿಲ್ಲದಿರುವುದಕ್ಕೂ ಕಂತಿಗೂ ಸಂಬಂಧವಿರಬೇಡವೆ ಎಂಬುದು ಅದರ ವ್ಯಾಪ್ತಿಗೆ ಬರಲಿಲ್ಲ.

ಹಾಗಾದರೆ ಮೇಷ್ಟ್ರು ತಮ್ಮ ಕಂಪನಿಯನ್ನು ಬಿಟ್ಟು ಟೆಂಪೋದವನ ಕಂಪನಿಯನ್ನೇ ಕೇಳಬಾರದೆ? ಕೇಳಬಹುದು, ಕಾನೂನು ಅದಕ್ಕೆ ದಾರಿಯನ್ನಿಟ್ಟಿದೆ. ಥರ್ಡ್ ಪಾರ್ಟಿ ವಿಮೆಯೆಂಬುದು ಪ್ರಾಣಹಾನಿ, ಅಂಗಹಾನಿಗಳಿಗಷ್ಟೇ ಅಲ್ಲದೆ ಪರರ ಸ್ವತ್ತಿಗೆ ಒದಗಿದ ನಷ್ಟಕ್ಕೂ ಅನ್ವಯಿಸುತ್ತದೆ. ಸಾಧಾರಣವಾಗಿ ಕಾರುಗಳ ಪಾಲಿಸಿಯಲ್ಲಿ ಈ ಹೊಣೆಗೆ 7,50,000 ರೂಪಾಯಿಗಳ ಮಿತಿಯಿರುತ್ತದೆ, ದ್ವಿಚಕ್ರ ವಾಹನಗಳಲ್ಲಿ 1,00,000 ರೂಪಾಯಿಗಳದು. ಅಲ್ಪಸ್ವಲ್ಪ ರಿಯಾಯಿತಿಯ ಆಸೆಗೆ ಈ ಮಿತಿಯನ್ನು 6,000 ರೂಪಾಯಿಗೆ ಇಳಿಸಿಕೊಳ್ಳುವ ಅವಕಾಶವನ್ನೂ ದರಪಟ್ಟಿಯು ಕೊಟ್ಟಿತ್ತೆಂಬುದು ಬೇರೆ ಮಾತು. ಆದರೆ ಆ ಹಣವನ್ನು ಪಡೆಯುವ ಬಗೆ ಹೇಗೆ? ಪೊಲೀಸು ಠಾಣೆಯಲ್ಲಿ ದೂರು ದಾಖಲಾಗಬೇಕು, ಟೆಂಪೋದ ಆರ್.ಸಿ., ಪಾಲಿಸಿ, ಚಾಲಕನ ಲೈಸೆನ್ಸು ಇವುಗಳ ನಕಲು ದೊರೆಯಬೇಕು. ಮೋಟಾರು ಅಪಘಾತ ಪರಿಹಾರ ನ್ಯಾಯಾಧಿಕರಣಕ್ಕೆ, ಬೆಂಗಳೂರಿನಲ್ಲಾದರೆ ಲಘು ವ್ಯವಹಾರಗಳ ನ್ಯಾಯಾಲಯವೇ ಆ ನ್ಯಾಯಾಧಿಕರಣವಾಗಿ ಕುಳಿತಿರುವಲ್ಲಿಗೆ, ಅರ್ಜಿ ಸಲ್ಲಿಸಬೇಕು. ಅದನ್ನು ಅಪಘಾತವಾದ ಆರು ತಿಂಗಳೊಳಗೆ ಸಲ್ಲಿಸಬೇಕೆಂದು 2019ರ ತಿದ್ದುಪಡಿಯು ವಿಧಿಸಿದೆ. ವಕೀಲರ ಫೀಜು, ವಾಯಿದೆಗಳು, ಸಾಕ್ಷಿ, ಪಾಟೀಸವಾಲು. ಗಂಡನನ್ನು ಕಳೆದುಕೊಂಡ ಹೆಂಗಸರೂ ಕಾಲನ್ನು ಕಳೆದುಕೊಂಡ ಕೂಲಿಯವರೂ ಸಾಲಾಗಿ ಕುಳಿತಿರುವ ಆ ಹಜಾರದಲ್ಲಿ ಬಂಪರಿನ ಬಿಲ್ಲನ್ನು ಹಿಡಿದು ಕುಳಿತುಕೊಳ್ಳಲು ಮಾನವಂತನಾದವನಿಗೆ ಸಂಕೋಚವೂ ಆದೀತು. ಇನ್ನು ಟೆಂಪೋಕ್ಕೆ ವಿಮೆಯೇ ಇಲ್ಲದಿದ್ದರೆ, ತೀರ್ಪು ಬಂದರೂ ಅದು ಕಾಗದದ ಮೇಲಿನ ತೀರ್ಪು.

ಮೇಷ್ಟ್ರಿಗೆ ಹಣ ಕೊಟ್ಟ ಕಂಪನಿಯು, ಅವರ ಸ್ಥಾನದಲ್ಲಿ ನಿಂತು, ದೋಷಿಯ ಕಂಪನಿಯಿಂದ ಆ ಹಣವನ್ನು ವಸೂಲು ಮಾಡಿಕೊಳ್ಳಬಹುದೆಂಬುದು ವಿಮಾಶಾಸ್ತ್ರದ ಪುರಾತನ ತತ್ತ್ವ. ಹಾಗೆ ವಸೂಲಾದ ಪಕ್ಷದಲ್ಲಿ ಕಂಪನಿಗೆ ನಷ್ಟವೇ ಇಲ್ಲವಾದುದರಿಂದ, ಬೋನಸ್ಸನ್ನು ಕಸಿಯುವುದಕ್ಕೆ ಕಾರಣವೂ ಉಳಿಯದು. ಆದರೆ ಸಣ್ಣ ಮೊತ್ತಗಳಿಗಾಗಿ ಪರಸ್ಪರ ವ್ಯಾಜ್ಯವಾಡುವುದು ದಂಡವೆಂದರಿತ ಕಂಪನಿಗಳು, ಅವರವರ ಗಿರಾಕಿಯ ನಷ್ಟವನ್ನು ಅವರವರೇ ಭರಿಸತಕ್ಕದ್ದೆಂಬ ಒಡಂಬಡಿಕೆಯನ್ನು, ಆ ವೃತ್ತಿಯವರು ‘ನಾಕ್ ಫಾರ್ ನಾಕ್’ ಎನ್ನುವುದನ್ನು, ತಮ್ಮೊಳಗೆ ಮಾಡಿಕೊಂಡಿವೆ. ಅವುಗಳ ದೃಷ್ಟಿಯಿಂದ ಇದು ಜಾಣತನವೇ ಸರಿ: ಇಂದು ನಾನು ತೆತ್ತುದನ್ನು ನಾಳೆ ನೀನು ತೆರುವೆ, ವರ್ಷಾಂತ್ಯಕ್ಕೆ ಸರಿಹೋಗುತ್ತದೆ. ಸರಿಹೋಗದೆ ಉಳಿಯುವವರು ಗಿರಾಕಿಗಳು. ಕಂಪನಿಗಳು ದೋಷದ ವಿಚಾರವನ್ನು ತಮ್ಮ ತಮ್ಮ ನಡುವೆ ಬದಿಗಿಟ್ಟುದರ ಲಾಭವು ಅವರಿಗೆ. ದೋಷದ ವಿಚಾರವೇ ಏಳದೆ ಹೋದುದರ ನಷ್ಟವು, ಬೋನಸ್ಸಿನ ರೂಪದಲ್ಲಿ, ಗಿರಾಕಿಗೆ.

ದೋಷವನ್ನು ಲೆಕ್ಕಿಸದಿರುವ ತತ್ತ್ವಕ್ಕೆ ನಮ್ಮ ಮೋಟಾರು ಕಾನೂನಿನಲ್ಲಿ ಒಂದು ಉದಾತ್ತವಾದ ವಂಶವೂ ಉಂಟೆಂಬುದನ್ನು ಇಲ್ಲಿ ಸ್ಮರಿಸಬೇಕು. 1939ರ ಕಾಯಿದೆಯ ಕಡ್ಡಾಯ ವಿಮೆಯ ಅಧ್ಯಾಯವು 1946ರ ಜುಲೈ 1ರಂದು ಜಾರಿಗೆ ಬಂದ ಮೇಲೆ ಮೂರೂವರೆ ದಶಕಗಳ ಕಾಲ, ಸತ್ತವನ ಹೆಂಡತಿಮಕ್ಕಳು ಚಾಲಕನ ನಿರ್ಲಕ್ಷ್ಯವನ್ನು ಸಾಬೀತುಪಡಿಸಲಾರದೆ ಬರಿಗೈಯಲ್ಲಿ ಹಿಂತಿರುಗುವ ಸ್ಥಿತಿಯಿತ್ತು. 1982ರ ತಿದ್ದುಪಡಿಯು, ತಪ್ಪು ಯಾರದೆಂದು ಕೇಳದೆಯೇ ಮೃತನ ಕುಟುಂಬಕ್ಕೆ 15,000 ರೂಪಾಯಿಗಳನ್ನೂ ಶಾಶ್ವತವಾಗಿ ಅಂಗವಿಕಲನಾದವನಿಗೆ 7,500 ರೂಪಾಯಿಗಳನ್ನೂ ಕೊಡತಕ್ಕದ್ದೆಂದು ವಿಧಿಸಿತು. ಆ ಬೀಜವೇ ಬೆಳೆದು 2019ರ ತಿದ್ದುಪಡಿಯಲ್ಲಿ ಮರಣಕ್ಕೆ ಐದು ಲಕ್ಷ, ತೀವ್ರವಾದ ಗಾಯಕ್ಕೆ ಎರಡೂವರೆ ಲಕ್ಷ ಎಂದಾಗಿದೆ. ಅಲ್ಲಿ ದೋಷವಿಚಾರಣೆಯನ್ನು ಬಿಟ್ಟುದು ದುರ್ಬಲನು ಕಾಯಬಾರದೆಂಬ ಕರುಣೆಯಿಂದ. ಪರಿಹಾರವನ್ನು ಶೀಘ್ರವಾಗಿ ಕೊಡುವುದಕ್ಕಾಗಿ ದೋಷವನ್ನು ಕೇಳದಿರುವುದನ್ನು ಯಾರೂ ಆಕ್ಷೇಪಿಸಲಾರರು. ಕೊಟ್ಟ ಮೇಲೆ, ಮರುವರ್ಷದ ಕಂತನ್ನು ನಿರ್ಣಯಿಸುವಾಗಲೂ ಕೇಳದಿರುವುದಕ್ಕೆ ಆ ಕರುಣೆಯ ಹೆಸರನ್ನು ಹೇಳಲಾಗದು.

ಪರದೇಶಗಳಲ್ಲಿ ಇದಕ್ಕೆ ಬೇರೆ ಬೇರೆ ಪರಿಹಾರಗಳನ್ನು ಕಂಡುಕೊಂಡಿದ್ದಾರೆ. ಅಮೆರಿಕೆಯ ಕ್ಯಾಲಿಫೋರ್ನಿಯಾ ಪ್ರಾಂತದ ಮತದಾರರು 1988ರಲ್ಲಿ ‘ಪ್ರೊಪೊಸಿಷನ್ 103’ ಎಂಬ ಶಾಸನವನ್ನು ತಮ್ಮ ಮತದಿಂದಲೇ ಅಂಗೀಕರಿಸಿ, ಕಂತನ್ನು ನಿರ್ಣಯಿಸುವಲ್ಲಿ ಚಾಲಕನ ಸುರಕ್ಷತೆಯ ಚರಿತ್ರೆಗೆ ಪ್ರಥಮ ಸ್ಥಾನವನ್ನು ಕೊಟ್ಟರು. ಅಪಘಾತಕ್ಕೆ ಪ್ರಧಾನವಾಗಿ, ಎಂದರೆ ಶೇಕಡಾ 51ರಷ್ಟಾದರೂ, ತಾನು ಕಾರಣನಾಗದ ಚಾಲಕನ ಕಂತನ್ನು ಆ ಅಪಘಾತದ ನೆಪದಿಂದ ಏರಿಸುವುದಕ್ಕೆ ಅಲ್ಲಿಯ ಕಾನೂನು ಎಡೆಗೊಡುವುದಿಲ್ಲ. ಅಲ್ಲಿ ನೆಲೆಸಿರುವ ಸಾವಿರಾರು ಕನ್ನಡಿಗರು ಈ ರಕ್ಷಣೆಯನ್ನು ಅನುಭವಿಸುತ್ತಿರುವವರೇ. ಅದೇ ದೇಶದ ಇತರ ಅನೇಕ ಪ್ರಾಂತಗಳಿಗೆ ಮನೆ ಬದಲಿಸಿದರೆ ಆ ರಕ್ಷಣೆ ಅಷ್ಟು ಭದ್ರವಾಗಿರದು. ಇಂಗ್ಲೆಂಡಿನಲ್ಲಿ ನಮ್ಮ ಕ್ರಮದ ಹಾಗೆಯೇ ಬೋನಸ್ಸು ಕ್ಲೇಮಿಗೆ ಕಟ್ಟುಬಿದ್ದುದಾದರೂ, ಕಂಪನಿಯು ತಾನು ಕೊಟ್ಟುದನ್ನು ದೋಷಿಯ ಕಡೆಯಿಂದ ಪೂರ್ಣವಾಗಿ ಹಿಂಪಡೆದ ಪಕ್ಷದಲ್ಲಿ ಬೋನಸ್ಸನ್ನು ಸಾಮಾನ್ಯವಾಗಿ ಉಳಿಸಿಕೊಡುವ ರೂಢಿಯಿದೆ.

ನನಗೆ ಇವೆಲ್ಲಕ್ಕಿಂತ ಮೆಚ್ಚುಗೆಯಾದುದು ಫ್ರಾನ್ಸಿನ ಕ್ರಮ. ಅಲ್ಲಿ ಪ್ರತಿಯೊಬ್ಬ ಚಾಲಕನಿಗೂ ಒಂದರಿಂದ ಆರಂಭವಾಗುವ ಗುಣಾಂಕವೊಂದುಂಟು. ನಿರ್ದೋಷವಾಗಿ ಕಳೆದ ಪ್ರತಿ ವರ್ಷಕ್ಕೂ ಅದು ಶೇಕಡಾ 5ರಷ್ಟು ಇಳಿಯುತ್ತ, ಹದಿಮೂರು ವರ್ಷಗಳಲ್ಲಿ ಅರ್ಧಕ್ಕೆ ಬರುತ್ತದೆ. ಪೂರ್ಣವಾಗಿ ತನ್ನದೇ ತಪ್ಪಿನಿಂದಾದ ಅಪಘಾತಕ್ಕೆ ಅದು ಶೇಕಡಾ 25ರಷ್ಟು ಏರುತ್ತದೆ. ತಪ್ಪಿನಲ್ಲಿ ಇಬ್ಬರಿಗೂ ಪಾಲಿದ್ದರೆ ಅದರ ಅರ್ಧದಷ್ಟು ಮಾತ್ರ. ತನ್ನ ಹೊಣೆಯೇ ಇಲ್ಲದ ಅಪಘಾತಕ್ಕೆ ಏನೂ ಇಲ್ಲ. ತಪ್ಪಿನ ನಿರ್ಣಯಕ್ಕೆ ನ್ಯಾಯಾಲಯಕ್ಕೂ ಹೋಗಬೇಕಾಗಿಲ್ಲ: ಕಾರಿನ ಖಾನೆಯಲ್ಲಿ ಸದಾ ಇಟ್ಟುಕೊಂಡಿರುವ ಮುದ್ರಿತ ನಮೂನೆಯೊಂದರಲ್ಲಿ ಇಬ್ಬರು ಚಾಲಕರೂ ರಸ್ತೆಯ ಬದಿಯಲ್ಲಿಯೇ ಘಟನೆಯ ವಿವರವನ್ನು ಬರೆದು, ವಾಹನಗಳು ಇದ್ದ ರೀತಿಯ ನಕ್ಷೆಯನ್ನೆಳೆದು, ಇಬ್ಬರೂ ಸಹಿಮಾಡಿ, ಒಂದೊಂದು ಪ್ರತಿಯನ್ನು ತಂತಮ್ಮ ಕಂಪನಿಗೆ ಕಳುಹಿಸುತ್ತಾರೆ, ಕಂಪನಿಗಳು ತಮ್ಮ ಒಡಂಬಡಿಕೆಯ ಕೋಷ್ಟಕವನ್ನು ನೋಡಿ ಹೊಣೆಯನ್ನು ಹಂಚಿಕೊಳ್ಳುತ್ತವೆ. ಗಮನಿಸಬೇಕಾದುದು ಇಷ್ಟು: ಅಲ್ಲಿಯೂ ಕಂಪನಿಗಳ ನಡುವೆ ಒಡಂಬಡಿಕೆಯಿದೆ, ಅಲ್ಲಿಯೂ ವ್ಯಾಜ್ಯವಿಲ್ಲ, ಆದರೆ ವ್ಯಾಜ್ಯವನ್ನು ಬಿಡುವುದಕ್ಕಾಗಿ ಅವರು ದೋಷದ ನಿರ್ಣಯವನ್ನೇ ಬಿಟ್ಟುಬಿಡಲಿಲ್ಲ.

ಇದನ್ನು ನಮ್ಮಲ್ಲಿ ತರುವುದಕ್ಕೆ ಅಡ್ಡಿಯೇನು? ನಮ್ಮ ಜನ ರಸ್ತೆಯಲ್ಲಿ ಸಹಿ ಹಾಕುವವರಲ್ಲ, ಕೈ ಮಾಡುವವರು ಎಂದು ಕೆಲವರು ನಗುತ್ತಾರೆ. ಕೈ ಮಾಡುವುದಕ್ಕೆ ಒಂದು ಕಾರಣವು, ಸಹಿ ಹಾಕಿದರೂ ಪ್ರಯೋಜನವಿಲ್ಲವೆಂಬುದೇ. ತನ್ನ ನಷ್ಟವು ಈ ಕ್ಷಣದಲ್ಲಿ, ಈ ಜಾಗದಲ್ಲಿ ವಸೂಲಾಗದಿದ್ದರೆ ಎಂದೆಂದಿಗೂ ಆಗದೆಂದು ಬಲ್ಲವನು ಧ್ವನಿಯನ್ನೇರಿಸುತ್ತಾನೆ, ಎದುರಿನವನ ಕೀಲಿಕೈಯನ್ನು ಕಿತ್ತುಕೊಳ್ಳುತ್ತಾನೆ. ಆಗ ಗೆಲ್ಲುವವನು ಬಲಿಷ್ಠನು, ಅವನು ನಿರ್ದೋಷಿಯೇ ಆಗಿರಬೇಕೆಂದಿಲ್ಲ. ಮೋಸದ ಭಯವನ್ನು ಇನ್ನು ಕೆಲವರು ಮುಂದಿಡುತ್ತಾರೆ: ಸ್ನೇಹಿತರಿಬ್ಬರು ಕೂಡಿಕೊಂಡು ತಪ್ಪನ್ನು ಒಬ್ಬನ ಮೇಲೆ ಹೊರಿಸಿ ಇನ್ನೊಬ್ಬನ ಬೋನಸ್ಸನ್ನು ಉಳಿಸಿಯಾರು ಎಂದು. ಉಳಿಸಿದರೆ ಮೊದಲನೆಯವನ ಬೋನಸ್ಸು ಹೋಗುತ್ತದೆ. ಆ ಸ್ನೇಹಕ್ಕೆ ಮಿತಿ ತಾನಾಗಿ ಬರುತ್ತದೆ. ಈ ವಾದಗಳಿಗಿಂತ ಗಟ್ಟಿಯಾದುದು, ರಸ್ತೆಯಲ್ಲಿರುವ ವಾಹನಗಳಲ್ಲಿ ಬಹಳಷ್ಟಕ್ಕೆ, ವಿಶೇಷತಃ ಮೊದಲ ಅವಧಿ ಮುಗಿದ ದ್ವಿಚಕ್ರ ವಾಹನಗಳಿಗೆ, ಚಾಲ್ತಿಯಲ್ಲಿರುವ ವಿಮೆಯೇ ಇಲ್ಲವೆಂಬ ಆಕ್ಷೇಪ. ಆದರೆ ದೋಷಿಗೆ ವಿಮೆಯಿಲ್ಲದಿರುವುದು ನಿರ್ದೋಷಿಯು ದೋಷಿಯೆಂಬುದಕ್ಕೆ ಪ್ರಮಾಣವಾಗಲಾರದು. ಹಣವನ್ನು ವಸೂಲು ಮಾಡಲಾಗದ ಕಷ್ಟ ಕಂಪನಿಯದು. ಅಂಥ ಕಷ್ಟಗಳನ್ನು ಹೊರುವುದಕ್ಕೆಂದೇ ಅದು ಕಂತನ್ನು ಪಡೆಯುತ್ತಿರುವುದು.

ಬೋನಸ್ಸನ್ನು ರಕ್ಷಿಸುವ ಪ್ರತ್ಯೇಕ ಸೌಲಭ್ಯವನ್ನು ಹೆಚ್ಚಿನ ಹಣಕ್ಕೆ ಈಗ ಅನೇಕ ಕಂಪನಿಗಳು ಮಾರುತ್ತಿವೆ. ಕೊಳ್ಳಲು ಅನುಕೂಲವುಳ್ಳವರು ಕೊಳ್ಳಲಿ, ನಾನು ಬೇಡವೆನ್ನಲಾರೆ. ಆದರೆ ಪರರ ಅಜಾಗರೂಕತೆಯಿಂದ ತನ್ನ ಹೆಸರನ್ನು ಉಳಿಸಿಕೊಳ್ಳುವುದಕ್ಕೂ ತಾನೇ ಕಂತು ಕಟ್ಟಬೇಕೆಂದರೆ, ಅದನ್ನು ಸುಧಾರಣೆಯೆಂದು ಕರೆಯಲು ಮನಸ್ಸು ಬರುವುದಿಲ್ಲ.

ಪ್ರಾಧಿಕಾರವು ಮಾಡಬೇಕಾದುದು ಅಷ್ಟೇನೂ ಕಠಿಣವಲ್ಲ. ಸರ್ವೇಯರು ವಾಹನವನ್ನು ಪರೀಕ್ಷಿಸಿ ವರದಿ ಬರೆಯುವಾಗ ಹಾನಿಯ ವಿವರದ ಜತೆಗೆ ದೋಷದ ವಿಷಯದಲ್ಲಿಯೂ ಅಭಿಪ್ರಾಯವನ್ನು ಬರೆಯತಕ್ಕದ್ದೆಂದು ವಿಧಿಸಬಹುದು. ಹಿಂದಿನಿಂದ ಬಂದು ತಾಗಿದುದು, ನಿಲ್ಲಿಸಿದ್ದ ವಾಹನಕ್ಕೆ ತಾಗಿದುದು, ಕೆಂಪು ದೀಪವನ್ನು ದಾಟಿ ಬಂದುದು, ಇಂಥ ಹತ್ತಾರು ಸ್ಪಷ್ಟ ಸಂದರ್ಭಗಳಿಗೆ ಕೋಷ್ಟಕವೊಂದನ್ನು ಎಲ್ಲ ಕಂಪನಿಗಳಿಗೂ ಸಮಾನವಾಗಿ ಗೊತ್ತುಮಾಡಬಹುದು. ಡ್ಯಾಶ್‌ಬೋರ್ಡಿನ ಕ್ಯಾಮರಾದ ಚಿತ್ರವನ್ನೂ ಚೌಕದ ಪೊಲೀಸು ಕ್ಯಾಮರಾದ ಚಿತ್ರವನ್ನೂ ಪ್ರಮಾಣವೆಂದು ಒಪ್ಪಬಹುದು. ಅಲ್ಲಿಯವರೆಗೆ, ಕ್ಲೇಮಿನ ಅರ್ಜಿಯನ್ನು ತುಂಬುವ ಮುನ್ನ ಕೈಗೆ ಬರುವ ಮೊತ್ತವನ್ನೂ ಮುಂದಿನ ಐದು ವರ್ಷಗಳಲ್ಲಿ ಕೈಬಿಡುವ ಮೊತ್ತವನ್ನೂ ಎರಡು ಸಾಲುಗಳಲ್ಲಿ ಬರೆದು ನೋಡುವುದು ಮೇಷ್ಟ್ರಿಗೆ ಉಳಿದ ಉಪಾಯ. ಹಾಗೆ ಕ್ಲೇಮು ಮಾಡಿದವರು, ಮರುವರ್ಷ ಬೇರೊಂದು ಕಂಪನಿಗೆ ಹೋಗಿ ‘ಕ್ಲೇಮು ಮಾಡಿಲ್ಲ’ವೆಂದು ಬರೆದುಕೊಟ್ಟು ಬೋನಸ್ಸನ್ನು ಉಳಿಸಿಕೊಳ್ಳುವ ಆಸೆಗೆ ಮಾತ್ರ ಬೀಳಬಾರದು, ಹೊಸ ಕಂಪನಿಯು ಹಳೆಯದನ್ನು ವಿಚಾರಿಸುವುದು, ಸುಳ್ಳು ಹೊರಬಿದ್ದ ದಿನ ಸ್ವಂತ ಹಾನಿಯ ಪರಿಹಾರದ ಹಕ್ಕೆಲ್ಲವೂ ಮುಟ್ಟುಗೋಲಾಗುವುದು ಎಂದು ಆ ಘೋಷಣೆಯ ಕೆಳಗೇ ಅಚ್ಚಾಗಿರುತ್ತದೆ.